ಡೆಕ್ಕಿನ ತುಕ್ಕು, ತಮ್ಮನ ಕಿವಿ

ನನಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಏಳುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ ದಿನಗಳೂ ಇದ್ದವು. "ನನ್ನ ಕೈಯಾಗ ಹೊಡತಾ ತಿಂದವ್ರೆಲ್ಲಾ ಕೆಲಸಾ ಕಲತಾರ" ಅನ್ನುತ್ತಿದ್ದೆ. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಮಗ್ಗುಲಿಗೇ ಇರುವ ನಮ್ಮ ಶೆಡ್ಡಿನಲ್ಲಿ ಇಪ್ಪತ್ತೈದು ವರ್ಷದಿಂದ ಗೇಟು, ಕಿಟಕಿ, ಟ್ರ್ಯಾಕ್ಟರಿನ ಟ್ರಾಲಿ ಮಾಡುತ್ತ ಬಂದಿದ್ದೇನೆ. ಕಬ್ಬಿಣ ಮೆತ್ತಗಿನ ಮಾತಿಗೆ ಬಗ್ಗುವುದಿಲ್ಲ. ಕಾಯಿಸಿ ಬಡಿದರೆ ಬಗ್ಗುತ್ತದೆ, ಇಲ್ಲವಾದರೆ ಬಿದ್ದಲ್ಲೇ ಬಿದ್ದಿರುತ್ತದೆ. ಮನುಷ್ಯರೂ ಹೀಗೇ ಅಂತ ತಿಳಿದಿದ್ದೆ, ಮೂರ್ಖ.

ಅದೇ ಶೆಡ್ಡಿನ ಇನ್ನರ್ಧ ನನ್ನ ತಮ್ಮನದು. ನನಗಿಂತ ಆರು ವರ್ಷಕ್ಕೆ ಸಣ್ಣವನು, ಅಂದರೆ ಅವನೂ ನಲವತ್ತು ದಾಟಿದವನೇ. ಮೋಟಾರು, ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು ರಿಪೇರಿ ಅವನ ಕೆಲಸ. ಯಾರಾದರೂ ಕೆಟ್ಟ ಮೋಟಾರು ತಂದರೆ ಬೇರೆ ಮೆಕ್ಯಾನಿಕ್ಕುಗಳ ಹಾಗೆ ಅವನು ಕೂಡಲೇ ಪಾನೆ ತೆಗೆದು ಬಿಚ್ಚಲು ಕೂಡುತ್ತಿರಲಿಲ್ಲ. ಅದನ್ನು ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಮೋಟಾರಿನ ಮೈಗಿಟ್ಟು, ಹಿಡಿಕೆಯನ್ನು ಎಡಗಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ "ಹಿಂದಿನ ಬೇರಿಂಗ್ ಹೋಗೈತ್ರಿ, ಮುಂದಿಂದು ಚಲೋ ಐತಿ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಅವನು ಹೇಳಿದ್ದೇ. ನಿಡೋಣಿ, ತಿಕೋಟಾ, ಬಬಲೇಶ್ವರದ ರೈತರು ದಾರಿಯಲ್ಲಿ ಹತ್ತು ಅಂಗಡಿ ದಾಟಿ ನಮ್ಮ ಶೆಡ್ಡಿಗೆ ಬರುತ್ತಿದ್ದದ್ದು ಆ ಕಿವಿಗಾಗಿ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಮಮದಾಪುರದ ದೊಡ್ಡ ಕೆರೆ ಕಾಲುವೆಯ ನೀರಿನಿಂದ ತುಂಬಿ ಒಡ್ಡಿಗೆ ಬಡಿಯುತ್ತಿತ್ತು. ಬಬಲೇಶ್ವರದ ಒಬ್ಬ ಸಾಹುಕಾರ ಅದರಲ್ಲಿ ಜನರನ್ನು ಸುತ್ತಾಡಿಸುವ ದಂಧೆ ಹೂಡಲು ಸಮುದ್ರದ ಕಡೆಯಿಂದ ಹಳೆಯದೊಂದು ಫೈಬರ್ ದೋಣಿ ತರಿಸಿದ. ಇಪ್ಪತ್ತು ಮಂದಿ ಕೂಡುವಂಥದು. ಅದರ ಮೇಲಿನ ನೆಲಕ್ಕೆ ಅವನು ಡೆಕ್ಕು ಅನ್ನುತ್ತಿದ್ದ, ನಮ್ಮ ತಮ್ಮ ನಗಾಡುತ್ತ ಪಡಸಾಲಿ ಅನ್ನುತ್ತಿದ್ದ. ಒಳ್ಳೇ ಬಿಳಿ ಡೆಕ್ಕು, ಚಪ್ಪಲಿ ಬಿಟ್ಟು ಹತ್ತಬೇಕು ಅನ್ನಿಸುವಷ್ಟು ಬಿಳಿ. ಅದರ ಸುತ್ತ ಕಬ್ಬಿಣದ ಪೈಪಿನ ಕಟಕಟೆ, ನಾಲ್ಕು ಬೆಂಚು ನನ್ನ ಕೆಲಸ. ಮೋಟಾರು ಕೂಡಿಸುವುದು ತಮ್ಮನ ಕೆಲಸ.

"ದೋಣಿ ಕೆಲಸಾ ಮಾಡೀರೇನು ಮೊದಲ?" ಅಂತ ಸಾಹುಕಾರ ಕೇಳಿದ.

"ಟ್ರಾಲಿ ಭಾಳ ಮಾಡೇನ್ರಿ. ಗಾಲಿ ತಗದ್ರ ಅದೂ ದೋಣಿನ" ಅಂದೆ. ಅವನು ನಕ್ಕ. ನಾನೂ ನಕ್ಕೆ.

ಅವಸರ ಯಾಕಿತ್ತೆಂದರೆ ಬಾಗಿನ. ಕೆರೆ ತುಂಬಿದರೆ ಗಂಗವ್ವನಿಗೆ ಮೊರದಲ್ಲಿ ಸೀರೆ, ಕುಪ್ಪಸ, ಬಳೆ, ಕಾಯಿ ಇಟ್ಟು ನೀರಿಗೆ ಬಿಡುವುದು ನಮ್ಮ ಕಡೆ ಇದ್ದದ್ದೇ. ಆ ಸಲ ದೊಡ್ಡ ದೊಡ್ಡವರು ಬರುವವರಿದ್ದರು, ದಂಡೆಯಿಂದ ಬಿಡದೆ ಕೆರೆಯ ನಡುವಿಗೆ ಹೋಗಿ ಬಾಗಿನ ಬಿಡುವವರಿದ್ದರು, ಅದೂ ಈ ದೋಣಿಯಲ್ಲಿ. ಶನಿವಾರ ಮುಂಜಾನೆ ಬಾಗಿನ. ನಾವು ಕೆಲಸ ಹಿಡಿದದ್ದು ಬುಧವಾರ.

ತಮ್ಮನ ಹೆಂಡತಿಯೂ ಜೊತೆಗೆ ಬಂದಿದ್ದಳು. ತಿಕೋಟಾದ ಹೆಣ್ಣುಮಗಳು, ಅವಳ ಕಾಕಿಯ ಮನೆ ಮಮದಾಪುರದಲ್ಲಿತ್ತು. ಗಂಡ ಹೆಂಡತಿ ನಾಲ್ಕು ದಿನ ಅಲ್ಲೇ ಉಳಿಯುವುದು, ನಾನು ದಿನಾ ಇಬ್ರಾಹಿಂಪುರದಿಂದ ಬೈಕಿನಲ್ಲಿ ಹೋಗಿ ಬರುವುದು ಅಂತ ಮಾತಾಗಿತ್ತು. ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಕೂಡ ಮಾತಾಡುವುದಿಲ್ಲ. ಭಾವ ಬಂದರೆ ಸೆರಗು ತಲೆಯ ಮೇಲೆ, ಮುಖ ಗೋಡೆಯ ಕಡೆ. ಏನಾದರೂ ಹೇಳುವುದಿದ್ದರೆ ಗಂಡನಿಗೆ ಹೇಳಿ ಹೇಳಿಸುವುದು. ಹದಿನೆಂಟು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೆ, ಅವಳ ದನಿ ಮಾತ್ರ ಅಡುಗೆಮನೆಯಿಂದ ಪಡಸಾಲೆಗೆ ಕೇಳುವಷ್ಟೇ ಕೇಳಿದ್ದೆ.

ಬುಧವಾರ ದೋಣಿಯನ್ನು ದಂಡೆಗೆ ಕಟ್ಟಿ, ಡೆಕ್ಕಿನ ಮೇಲೆಯೇ ಪೈಪು ಕತ್ತರಿಸಿದೆ, ವೆಲ್ಡಿಂಗ್ ಮಾಡಿದೆ, ಗ್ರೈಂಡರ್ ಹಿಡಿದು ಬೆಸುಗೆ ನುಣುಪು ಮಾಡಿದೆ. ಕಿಡಿ ಹಾರಿ ಬಿಳಿ ನೆಲದ ಮೇಲೆ ಬಿದ್ದು ಆರುತ್ತಿದ್ದವು.

"ಅಣ್ಣಾ, ಕೆಳಗ ಒಂದ ತಾಡಪತ್ರಿ ಹಾಸೂಣೇನು?" ಅಂತ ತಮ್ಮ ಕೇಳಿದ.

"ಇಪ್ಪತ್ತೈದ ವರ್ಷ ಗ್ರೈಂಡರ ಹಿಡದೇನಿ. ನೀ ನಿನ್ನ ಮೋಟಾರ ನೋಡ್ಕೋ."

ಅವನು ಮೋಟಾರಿನ ಕಡೆ ಹೋದ. ಸಂಜೆಗೆ ಕೆಲಸ ಮುಗಿಯಿತು. ಕಸ ಗುಡಿಸಿ, ನಾಲ್ಕು ಬಕೆಟ್ ನೀರು ಹೊಡೆದು, ಕಟಕಟೆ ಹಿಡಿದು ಅಲ್ಲಾಡಿಸಿ ನೋಡಿ ಮನೆಗೆ ಬಂದೆ. ಒಳ್ಳೆ ನಿದ್ದೆ ಬಂತು.

ಗುರುವಾರ ಬೆಳಗಾಗುವುದರೊಳಗೆ ತಮ್ಮನ ಫೋನು. "ಅಣ್ಣಾ, ಡೆಕ್ಕಿನ ತುಂಬ ಜಂಗ ಬಿದ್ದೈತಿ. ಸಾಸಿವಿ ಚೆಲ್ಲಿದಂಗ ಚುಕ್ಕಿ."

ಫೈಬರಿಗೆ ಎಲ್ಲಿಯ ತುಕ್ಕು ಮಾರಾಯ! ನನಗೆ ಅವನ ಮೇಲೆಯೇ ಸಂಶಯ. ಲಂಗರಿನ ಹಳೆಯ ಸರಪಳಿ, ನಟ್ಟು ಬೋಲ್ಟಿನ ಡಬ್ಬಿ, ಎಲ್ಲವನ್ನೂ ಅವನು ಡೆಕ್ಕಿನ ಮೇಲೆಯೇ ಬಿಟ್ಟು ಹೋಗಿರುತ್ತಾನೆ, ಅವು ತೊಯ್ದು ತುಕ್ಕು ಇಳಿಸಿವೆ ಅಂದುಕೊಂಡೆ. ಕೇಳಿದರೆ "ಸರಪಳಿ ಇಟ್ಟಿದ್ದೆ, ಆದ್ರ ಅದು ಒಂದ ಮೂಲ್ಯಾಗ ಇತ್ತು" ಅಂದ. ಸಾಕಾಯಿತು ನನಗೆ. ತಂತಿ ಬ್ರಷ್ ತಗೊಂಡು ತಿಕ್ಕು, ಗೇಟಿನ ತುಕ್ಕು ತಿಕ್ಕುವುದಿಲ್ಲವೇ ಹಾಗೆ, ಅಂತ ಬೈದು ಫೋನಿಟ್ಟೆ. ಮಧ್ಯಾಹ್ನ ನಾನೇ ಬ್ಲೀಚಿಂಗ್ ಪೌಡರ್ ಕಟ್ಟಿಕೊಂಡು ಹೋದೆ. ಇಬ್ಬರೂ ಮಂಡಿಯೂರಿ ಕೂತು, ಒಬ್ಬರು ತಂತಿ ಬ್ರಷ್, ಒಬ್ಬರು ಪಾತ್ರೆ ತಿಕ್ಕುವ ಉಕ್ಕಿನ ನಾರು ಹಿಡಿದು ಹೊತ್ತು ಮುಳುಗುವ ತನಕ ಉಜ್ಜಿದೆವು. ಮೊಳಕಾಲು ಸುಲಿಯಿತು. ಡೆಕ್ಕು ಬೆಳ್ಳಗಾಯಿತು. "ನೋಡಿದೆಲ್ಲ, ತಾಕತ್ತ ಹಾಕಿದ್ರ ಹೋಗಲಾರದ್ದು ಯಾವ್ದೂ ಇಲ್ಲ" ಅಂದೆ ತಮ್ಮನಿಗೆ.

ಶುಕ್ರವಾರ ಮುಂಜಾನೆ ಒಂದು ಚುಕ್ಕಿ ಇದ್ದಲ್ಲಿ ಹತ್ತು ಎದ್ದಿದ್ದವು. ಚುಕ್ಕಿಯಷ್ಟೇ ಅಲ್ಲ, ಬ್ರಷ್ ಎಳೆದ ಕಡೆಗೆಲ್ಲ ಕೆಂಪು ಗೀರು. ಯಾರನ್ನೋ ಆ ಬಿಳಿ ನೆಲದ ಮೇಲೆ ಕೆಡವಿ ಎಳೆದಾಡಿದ ಹಾಗೆ ಕಾಣುತ್ತಿತ್ತು. ದಂಡೆಯಲ್ಲಿ ಕುರಿ ಕಾಯುವವರು ನಾಲ್ಕು ಮಂದಿ ನಿಂತು ನೋಡುತ್ತಿದ್ದರು. "ಏನ್ರಿ, ಹೋತ ಕಡದೀರೇನು?" ಅಂತ ಒಬ್ಬ ನಕ್ಕ.

ನನಗೆ ಪಿತ್ತ ನೆತ್ತಿಗೇರಿತು. ಸಂಡಾಸ ತೊಳೆಯುವ ಆಸಿಡ್ಡಿನ ಎರಡು ಬಾಟಲಿ ತಂದಿದ್ದೆ, ತಮ್ಮ ಬೇಡ ಬೇಡ ಅನ್ನುತ್ತಿದ್ದಂತೆ ಒಂದನ್ನು ಡೆಕ್ಕಿನ ಮೇಲೆ ಸುರಿದೇಬಿಟ್ಟೆ. ಹೊಗೆ ಎದ್ದಿತು. ಕಣ್ಣು ಮೂಗು ಉರಿದು ಇಬ್ಬರೂ ಕೆಮ್ಮಿದೆವು. ಹರಿದು ಬಂದ ಆಸಿಡ್ಡು ತಮ್ಮನ ಬರಿಗಾಲಿಗೆ ತಾಗಿ ಅವನು ಚೀರಿ ಕೆರೆಗೆ ಹಾರಿದ. ಮೇಲೆ ಬರುವಾಗ ಅವನ ಹೆಬ್ಬೆರಳಿನ ಚರ್ಮ ಬೆಂದು ಬಿಳಿಚಿತ್ತು. ತುಕ್ಕು ಸ್ವಲ್ಪ ಹೋಯಿತು ಅನ್ನಿ, ಆದರೆ ಸುರಿದ ಕಡೆ ಡೆಕ್ಕು ಹಳದಿಯಾಯಿತು, ಹೊಳಪು ಸತ್ತಿತು.

ಅದೇ ಹೊತ್ತಿಗೆ ಸಾಹುಕಾರನ ಜೀಪು ಬಂತು.

ಅವನು ದೋಣಿ ಹತ್ತಿ ಒಂದು ಸುತ್ತು ನೋಡಿದ. ನೆಟ್ಟಗೆ ಬಂದು ನನ್ನ ಕೊರಳಪಟ್ಟಿಗೆ ಕೈ ಹಾಕಿದ. "ಬಣ್ಣಾ ಬ್ಯಾರೆ ಕೆಡಿಸಿಯಲ್ಲೋ ಹುಚ್ಚಪ್ಯಾಲಿ! ನಾಳಿಗಿ ದೊಡ್ಡವ್ರು ಬಿಳಿ ಅರಬಿ ಹಾಕ್ಕೊಂಡ ಇದರ ಮ್ಯಾಲ ಕೂಡವ್ರದಾರ. ಒಂದ ಕಲಿ ಹತ್ತಿದ್ರ ನಿನ್ನ ಚರ್ಮಾ ಸುಲದ ಹಾಸ್ತೀನಿ, ತಿಳೀತೇನು?"

ಜಮಖಾನೆ ಹಾಸಿದರಾಯಿತು ಅಂತ ತೊದಲಿದೆ. "ನೀರ ಸಿಡದ ತೊಯ್ದ ಜಮಖಾನಿ ಮ್ಯಾಲ ನಿಮ್ಮಪ್ಪನ್ನ ಕೂಡಸು" ಅಂತ ನನ್ನನ್ನು ಕಟಕಟೆಗೆ ದೂಡಿದ. ನನ್ನದೇ ಕಟಕಟೆ, ನನ್ನದೇ ಬೆನ್ನು. ಕುರಿಗಾರರು ನೋಡುತ್ತಿದ್ದರು. ರೊಟ್ಟಿಯ ಬುತ್ತಿ ತಂದಿದ್ದ ತಮ್ಮನ ಹೆಂಡತಿ ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಸಾಹುಕಾರನ ಮೋರೆ ನನ್ನ ಮುಷ್ಟಿಗೆ ಎಟಕುವಷ್ಟು ಹತ್ತಿರವಿತ್ತು. ನಾನು ಎತ್ತಲಿಲ್ಲ. ದೊಡ್ಡ ಮನುಷ್ಯ, ಕೆಲಸ ಕೊಟ್ಟವನು, ಜೀಪಿನಲ್ಲಿ ಇನ್ನಿಬ್ಬರು ಕೂತಿದ್ದರು. ಕೈ ಯಾರ ಮೇಲೆ ಏಳಬೇಕು, ಯಾರ ಮೇಲೆ ಏಳಬಾರದು ಅನ್ನುವುದು ನನ್ನಂಥ ಸಿಟ್ಟಿನವರಿಗೂ ಚೆನ್ನಾಗಿ ಗೊತ್ತಿರುತ್ತದೆ.

ಆಗ ತಮ್ಮ ಕುಂಟುತ್ತ ನನ್ನ ಮುಂದೆ ಬಂದ. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವೊಂದು ಅವನ ಕೈಯಲ್ಲಿತ್ತು. ಕಳೆದುಹೋದ ಸ್ಕ್ರೂ ಹುಡುಕಲು ಅದನ್ನು ಯಾವಾಗಲೂ ಇಟ್ಟುಕೊಂಡಿರುತ್ತಿದ್ದ.

"ಅಣ್ಣಾ, ಒಂದ ಮಾತ ಕೇಳು. ಇದು ಸರಪಳಿದಲ್ಲ, ಇದು—"

ಬಾರಿಸಿದೆ. ಅಂಗೈ ಅಗಲಿಸಿ, ಭುಜದಿಂದ, ಸುತ್ತಿಗೆ ಬೀಸುವ ಬಲದಲ್ಲಿ. ಅವನ ಎಡಗಿವಿಯ ಮೇಲೆ ನನ್ನ ಪೂರಾ ಅಂಗೈ ಕೂತಿತು. ಟಪ್ ಅಂತ ಒಂದು ಶಬ್ದ ಬಂತು, ಕಪಾಳಕ್ಕೆ ಬಿದ್ದ ಏಟಿನ ಶಬ್ದವಲ್ಲ ಅದು. ತಮ್ಮ ಪಕ್ಕಕ್ಕೆ ತಿರುಗಿ ಬೆಂಚಿನ ಪೈಪಿಗೆ ಬಡಿದು ಕೆಳಗೆ ಬಿದ್ದ. ಅಷ್ಟಕ್ಕೂ ನನ್ನ ಕೈ ನಿಲ್ಲಲಿಲ್ಲ. ಬಿದ್ದವನ ಬೆನ್ನಿಗೆ ಒಂದು ಒದ್ದೆ. "ಹೊಲಸ ಮಾಡಿ ನನಗ ಬುದ್ಧಿ ಹೇಳ್ತೀ ಏನಲೇ, ನನಗ!" ಅಂತ ಅಂದೆ. ನಾಲ್ಕು ಮಂದಿಯ ಎದುರು, ಅವನ ಹೆಂಡತಿಯ ಎದುರು, ನಲವತ್ತು ದಾಟಿದ ಗಂಡಸಿಗೆ.

ಅವನು ಎದ್ದು ಕೂತ. ಎಡಗಿವಿಯಿಂದ ರಕ್ತ ಸಣ್ಣಗೆ ಎಳೆಯಾಗಿ ಇಳಿದು ಕುತ್ತಿಗೆಗೆ ಬಂತು. ಎರಡು ಹನಿ ಡೆಕ್ಕಿಗೆ ಬಿದ್ದವು. ಎಲ್ಲರೂ ಅವನು ತಿರುಗಿ ಹೊಡೆಯುತ್ತಾನೆ ಅಂತ ಕಾದರು, ನಾನೂ ಕಾದೆ. ಅವನು ಮಾಡಿದ್ದೇನು? ಬಿದ್ದಿದ್ದ ಅಯಸ್ಕಾಂತ ಎತ್ತಿಕೊಂಡು, ಅದಕ್ಕೆ ಕರ್ಚೀಪು ಸುತ್ತಿ, ಡೆಕ್ಕಿನ ಮೇಲೆ ಒಂದು ಮಾರು ಉದ್ದಕ್ಕೆ ಎಳೆದ. ಎತ್ತಿ ನನ್ನ ಕಣ್ಣ ಮುಂದೆ ಹಿಡಿದ. ಕರ್ಚೀಪಿನ ತುಂಬ ಕಪ್ಪು ಕೂದಲು ನಿಂತಂತೆ ಕಬ್ಬಿಣದ ಪುಡಿ ನಿಂತಿತ್ತು.

ನನ್ನ ಗ್ರೈಂಡರಿನ ಪುಡಿ. ನಮ್ಮ ಶೆಡ್ಡಿನ ನೆಲದ ಮೇಲೆ ಆ ಪುಡಿ ತಿಂಗಳುಗಟ್ಟಲೆ ಬಿದ್ದಿರುತ್ತದೆ, ಕರ್ರಗೇ ಇರುತ್ತದೆ, ಯಾಕೆಂದರೆ ವಿಜಯಪುರದ ಗಾಳಿಯಲ್ಲಿ ನೀರಿಲ್ಲ. ಇಲ್ಲಿ ಕಾದ ಕಿಡಿಗಳು ಫೈಬರಿನೊಳಗೆ ಸೂಜಿಮೊನೆಯಂತೆ ಹೂತು, ಕೆರೆಯ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿದಿದ್ದವು. ತಂತಿ ಬ್ರಷ್ಷು, ಉಕ್ಕಿನ ನಾರು ತಿಕ್ಕಿದಷ್ಟೂ ಇನ್ನಷ್ಟು ಕಬ್ಬಿಣ ತುಂಬಿದ್ದೆವು. ಕಬ್ಬಿಣದ ಕೆಲಸದವನಿಗೆ ಕಬ್ಬಿಣದಿಂದಲೇ ಕಬ್ಬಿಣ ತೆಗೆಯುವುದು ಬಿಟ್ಟು ಬೇರೇನು ಗೊತ್ತು? ಎಲ್ಲವೂ ಆ ಕರ್ಚೀಪು ನೋಡಿದ ಒಂದೇ ಕ್ಷಣದಲ್ಲಿ ನನಗೆ ತಿಳಿಯಿತು.

"ಏನೋ ಅದು?" ಅಂತ ಸಾಹುಕಾರ ಕೇಳಿದ.

ತಮ್ಮ ನನ್ನ ಮುಖ ನೋಡುತ್ತ ನಿಂತ. ನಾನು ಹೇಳಲಿ ಅಂತ ಜಾಗ ಬಿಟ್ಟುಕೊಟ್ಟಿದ್ದ. ಇದು ನಂದು, ಪುಡಿ ನಂದು, ತಪ್ಪು ನಂದು. ಮೂರು ಮಾತು, ಅಷ್ಟೇ. ನನ್ನ ಗಂಟಲಿಗೆ ಬಂದಿತ್ತು ಕೂಡ.

"ಗಾಳಿಗಿ ಬಂದ ಬಿದ್ದ ಕಸಾ ಅದ್ರಿ" ಅಂದೆ ಸಾಹುಕಾರನಿಗೆ. ತಮ್ಮನ ಕಡೆ ತಿರುಗಿ, "ಏನ ನೋಡ್ತೀ? ತಿಕ್ಕು" ಅಂದೆ.

ಅವಳು ಯಾವಾಗ ದೋಣಿ ಹತ್ತಿದಳೋ ನಾನು ನೋಡಲಿಲ್ಲ. ಬಲಗೈಗೆ ಬೆಂಕಿ ತಾಗಿದ ಹಾಗಾಯಿತು. ಮೊಣಕೈಯಿಂದ ಮಣಿಕಟ್ಟಿನ ತನಕ ಅಂಗಿ ಸೀಳಿ ಚರ್ಮ ಕಿತ್ತು ಬಂದಿತ್ತು. ತಿರುಗುವುದರೊಳಗೆ ಇನ್ನೊಂದು ಏಟು ಕೆನ್ನೆಗೆ. ತಮ್ಮನ ಹೆಂಡತಿ, ತಲೆಯ ಮೇಲಿನ ಸೆರಗು ಹಾಗೇ ಇದೆ, ಕೈಯಲ್ಲಿ ತಂತಿ ಬ್ರಷ್ಷು.

"ಆ ಕೈ ಮುರದ ಬೀಳ್ಲಿ ನಿಂದು! ಆ ಕೈಗಿ ಹುಳಾ ಬೀಳ್ಲಿ!" ಹದಿನೆಂಟು ವರ್ಷದಲ್ಲಿ ಅವಳು ನನಗೆ ನೇರವಾಗಿ ಆಡಿದ ಮೊದಲ ಮಾತು. "ಬುಧವಾರ ಅವ್ರು ತಾಡಪತ್ರಿ ಹಾಸೂಣೇನು ಅಂದ್ರು, ನಾ ಇಲ್ಲೇ ಕೂತ ಕೇಳೇನಿ. ನಿನ್ನ ಪುಡಿ, ನಿನ್ನ ಹೊಲಸು. ಸಾವಕಾರಂದ ಹೊಡತಾ ತಿಂದ ಬಂದ ನನ್ನ ಗಂಡಗ ಬಡೀತೀ ಏನ, ಗಂಡಸ?"

ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಸಿಟ್ಟೇ ಬಂತು. ನನ್ನ ಕೈ ಎದ್ದಿತು, ನಿಜ ಹೇಳುತ್ತೇನೆ, ಅವಳ ಮೇಲೆ. ಅದು ಅರ್ಧಕ್ಕೆ ನಿಂತಿತು. ತಮ್ಮ ನನ್ನ ಮಣಿಕಟ್ಟು ಹಿಡಿದಿದ್ದ, ಅದೂ ಚರ್ಮ ಕಿತ್ತ ಕಡೆಯೇ. ಹಿಡಿದು ತಿರುವಿದ. ಜೀವ ಹೋಗುವ ನೋವು.

"ಆಕಿ ಮೈಮ್ಯಾಲ ಕೈ ಬಿತ್ತಂದ್ರ ಇವತ್ತ ನಿನ್ನ ಈ ಕೆರಿಯಾಗ ಮುಳುಗಿಸಿ ಕೊಲ್ತೀನಿ ಅಣ್ಣಾ" ಅಂದ. ದನಿ ಏರಿಸಲಿಲ್ಲ. ಅಣ್ಣಾ ಅನ್ನುವುದನ್ನೂ ಬಿಡಲಿಲ್ಲ. ನಾನು ಕೈ ಇಳಿಸಿದೆ.

ಆಮೇಲೆ ಹುಕುಂ ಎಲ್ಲ ಅವಳದೇ. ಸಾಹುಕಾರನಿಗೆ "ನಾಳಿಗಿ ನಿಮ್ಮ ದೋಣಿ ಬೆಳ್ಳಗಿರ್ತೈತಿ, ಈಗ ಇಳೀರಿ" ಅಂದಳು. ಆತ ನಿಜಕ್ಕೂ ಇಳಿದು ಹೋದ. ನನಗೆ, "ಬಬಲೇಶ್ವರಕ್ಕ ಹೋಗಿ ಒಂದ ಚೀಲ ನಿಂಬಿಹಣ್ಣು, ಐದ ಕಿಲೋ ಉಪ್ಪು ತರ್ರಿ" ಅಂದಳು. ಗಂಡನ ಅಂಗಿಗಳಿಗೆ ಹತ್ತಿದ ತುಕ್ಕಿನ ಕಲೆಯನ್ನು ಅವಳು ಹದಿನೆಂಟು ವರ್ಷದಿಂದ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿ ತೆಗೆಯುತ್ತ ಬಂದವಳು. ನಮಗೆ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಬೆಳ್ಳಗಾದ ಅಂಗಿ ಹಾಕಿಕೊಳ್ಳುವುದಷ್ಟೇ ಗೊತ್ತಿತ್ತು.

ಬೈಕು ಹತ್ತಿದೆ. ಇಲ್ಲಿಯೇ ನನ್ನ ಎರಡನೆಯ ಪಾಪ. ಹಿಂದಿನ ಸೀಟು ಖಾಲಿ ಇತ್ತು. ತಮ್ಮನ ಕಿವಿಯಿಂದ ರಕ್ತ ನಿಂತಿರಲಿಲ್ಲ. ಹತ್ತು, ದವಾಖಾನೆಗೆ ಹೋಗೋಣ ಅಂತ ಒಂದು ಮಾತು ಅನ್ನಬಹುದಿತ್ತು. ಅನ್ನಲಿಲ್ಲ. ನಿಂಬೆಹಣ್ಣು ತಂದೆ.

ಇಡೀ ದಿನ ಕೆಲಸ ಮಾಡಿದೆವು, ಮೂವರೂ. ತಮ್ಮ ಮೊದಲು ಇಡೀ ಡೆಕ್ಕಿನ ಮೇಲೆ ಅಯಸ್ಕಾಂತ ಎಳೆದು ಸಡಿಲ ಪುಡಿ ತೆಗೆದ. ಅವಳು ಹಣ್ಣು ಹೆಚ್ಚಿ, ಹೋಳುಗಳಿಗೆ ಉಪ್ಪು ಒತ್ತಿ, ಒಂದೊಂದೇ ಚುಕ್ಕಿಗೆ ತಿಕ್ಕಿ, ಮೇಲೆ ರಸ ಹಿಂಡಿದ ಬಟ್ಟೆ ಹೊದಿಸುತ್ತ ಹೋದಳು. ಬಿಸಿಲಿಗೆ ಬಟ್ಟೆ ಒಣಗುವಷ್ಟರಲ್ಲಿ ತುಕ್ಕು ಮೆತ್ತಗಾಗಿ ಮೇಲೆ ಬರುತ್ತಿತ್ತು. ನಾನು ಒರೆಸುತ್ತಿದ್ದೆ. ನನ್ನ ಕೈಯ ಹಸಿ ಗಾಯಕ್ಕೆ ನಿಂಬೆರಸ ಇಳಿದು ಕಣ್ಣಲ್ಲಿ ನೀರು ಬರುತ್ತಿತ್ತು. ಹಾ ಅಂದರೆ ಕೇಳುವವರಿರಲಿಲ್ಲ, ಅನ್ನಲಿಲ್ಲ. ತಮ್ಮ ಬಕೆಟ್ ಬಕೆಟ್ ಕೆರೆಯ ನೀರು ಎತ್ತಿ ಹೊಡೆಯುತ್ತಿದ್ದ, ಅದು ಸಿಡಿದು ಅವನ ತಲೆ ಕಿವಿ ಎಲ್ಲ ತೊಯ್ಯುತ್ತಿತ್ತು. ಆಗಾಗ ತಲೆ ಎಡಕ್ಕೆ ವಾಲಿಸಿ ಕುಣಿಯುವವನಂತೆ ಒಂದು ಕಾಲಲ್ಲಿ ಜಿಗಿದು ಕಿವಿಯ ನೀರು ಕೊಡವುತ್ತಿದ್ದ. ನೋಡಿದೆ. ನೋಡಿಯೂ ಒರೆಸುತ್ತ ಕೂತೆ.

ಶನಿವಾರ ಬಾಗಿನ ಚೆನ್ನಾಗಿ ಆಯಿತು. ದೊಡ್ಡವರು ಬಿಳಿ ಬಟ್ಟೆಯಲ್ಲಿ ಬಂದರು, ಕೂತರು, ಮೊರ ಬಿಟ್ಟರು, ಫೋಟೋ ತೆಗೆಸಿಕೊಂಡರು. ಡೆಕ್ಕಿನ ಕಡೆ ಒಬ್ಬರೂ ಕಣ್ಣು ಹಾಯಿಸಲಿಲ್ಲ. ಹಳದಿಯಾದ ಜಾಗದ ಮೇಲೆ ಯಾರದೋ ಚಪ್ಪಲಿ ಇದ್ದವು.

ತಮ್ಮನ ಕಿವಿಯಲ್ಲಿ ಕೀವಾಯಿತು. ಹತ್ತು ದಿನಕ್ಕೆ ಜ್ವರ ಏರಿದ ಮೇಲೆ ವಿಜಯಪುರದ ಡಾಕ್ಟರ ಹತ್ತಿರ ಹೋದೆವು. ಹೇಗಾಯಿತು ಅಂತ ಅವರು ಕೇಳಿದರು. ತಮ್ಮ ಬಾಯಿ ತೆರೆಯುವ ಮೊದಲೇ "ಬಿದ್ದಾನ್ರಿ, ಕೆರಿ ನೀರು ಕಿವ್ಯಾಗ ಹೋಗೈತಿ" ಅಂದೆ. ಡಾಕ್ಟರು ನನ್ನ ಮುಖವನ್ನೂ ಕೆನ್ನೆಯ ಮೇಲಿನ ಗೀರುಗಳನ್ನೂ ನೋಡಿದರು. "ಪರದೆ ಹರಿದಿದೆ. ಅವತ್ತೇ ಬಂದಿದ್ದರೆ, ನೀರು ತಾಗದ ಹಾಗೆ ನೋಡಿಕೊಂಡಿದ್ದರೆ ತಾನೇ ಕೂಡುತ್ತಿತ್ತು" ಅಂದರು. ಔಷಧಿ ಹಾಕಿದರು, ಕೀವು ನಿಂತಿತು. ಕಿವಿ ಮಾತ್ರ ಬರಲಿಲ್ಲ.

ಶೆಡ್ಡಿನಲ್ಲಿ, ಓಣಿಯಲ್ಲಿ, ನೆಂಟರಲ್ಲಿ, ಎಲ್ಲ ಕಡೆ ಅದೇ ಕಥೆ ಹಬ್ಬಿಸಿದೆ. ಕೆರೆ ನೀರು. ಪಾಪ, ದೋಣಿ ಕೆಲಸಕ್ಕೆ ಹೋಗಿ ಕಿವಿ ಕಳಕೊಂಡ. ಕೇಳಿದವರು ಲೊಚಗುಟ್ಟಿದರು. ಹೇಳಿ ಹೇಳಿ ನನಗೂ ಅರ್ಧ ನಂಬಿಕೆ ಬಂದಿತ್ತು.

ಅದಾದ ಮೇಲೆ ತಮ್ಮ ಮೋಟಾರುಗಳನ್ನು ಬಿಚ್ಚಿ ನೋಡಿಯೇ ದಿನ ತಳ್ಳಿದ. ಈ ಬೇಸಿಗೆಯಲ್ಲಿ ನಿಡೋಣಿಯ ಒಬ್ಬ ಹಿರಿಯ ರೈತರು ಮೋಟಾರು ತಂದರು, ನಮ್ಮ ಅಪ್ಪನ ಕಾಲದಿಂದ ಬರುವವರು. ತಮ್ಮ ಸ್ಕ್ರೂ ಡ್ರೈವರನ್ನು ರೂಢಿಯಂತೆ ಎಡಗಿವಿಗೇ ಒಯ್ದ, ನೆನಪಾಗಿ ಬಲಕ್ಕೆ ತಂದ. ಬಲಗಿವಿಗೆ ಆ ವಿದ್ಯೆ ಹತ್ತಿರಲಿಲ್ಲ. ಬಹಳ ಹೊತ್ತು ಕೂತ, ಬೆವತ. ಕಡೆಗೆ "ಬೇರಿಂಗ್ ಚಲೋ ಅದಾವ್ರಿ, ಒಯ್ರಿ" ಅಂದ. ಎರಡೇ ದಿನಕ್ಕೆ ಬೇರಿಂಗ್ ಹಿಡಿದು ಮೋಟಾರು ಸುಟ್ಟಿತು. ಹಿರಿಯರು ತಿರುಗಿ ಬಂದರು. ಬೈಯಲಿಲ್ಲ. "ಯಪ್ಪಾ, ನಿನ್ನ ಕಿವಿಗಿ ಏನಾತೋ?" ಅಂತ ಸಂಕಟದಿಂದ ಕೇಳಿದರು.

ನಾನು ನಡುವೆ ಬಾಯಿ ಹಾಕಿದೆ. "ಕೆರಿ ನೀರು ಹೋಗಿ ಕೆಟ್ಟೈತ್ರಿ."

ತಮ್ಮ ನನ್ನ ಕಡೆ ನೋಡಿದ. ಆಮೇಲೆ ಅವರಿಗೆ, "ಹೌದ್ರಿ, ಕೆರಿ ನೀರು" ಅಂದ. ಅಂದು, 'ಇನ್ನ ಈ ಕೆಲಸಾ ನನ್ನ ಕೈಲಾಗೂದಿಲ್ಲ' ಅಂತ ತನ್ನಷ್ಟಕ್ಕೇ ಗೊಣಗಿ ಪಾನೆಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿ ಮನೆಗೆ ಹೋದ. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಅವನ ಅರ್ಧ ಶೆಡ್ಡು ಸುಮ್ಮನಿತ್ತು. ಒಂದು ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ, ಇದ್ದಬದ್ದ ಕೆಲಸದವರ ಮೇಲೆ ಹರಿಹಾಯ್ದೆ, ಸುಮ್ಮಸುಮ್ಮನೆ ಕಬ್ಬಿಣ ಬಡಿದೆ. ಸುಳ್ಳು ನನ್ನದು, ಅದನ್ನು ಅವನ ಬಾಯಲ್ಲಿ ಹೇಳಿಸಿದ್ದೆ. ಹೊಡೆದದ್ದಕ್ಕಿಂತ ಅದು ಹೆಚ್ಚು ಸುಡುತ್ತಿತ್ತು.

ಭಾನುವಾರ ಮುಂಜಾನೆ ಅವನ ಮನೆಗೆ ಹೋದೆ. ನಮ್ಮ ಓಣಿಯ ಹಿಂದಿನ ಓಣಿಯೇ. ತಮ್ಮ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ನಾನು ಅವನ ಪಕ್ಕ ಕೂಡಲು ಹೋದೆ.

"ಬಲಗಡೆ ಕೂಡ್ರಿ" ಅಂದಳು ಅವನ ಹೆಂಡತಿ ಅಡುಗೆಮನೆಯ ಬಾಗಿಲಿಂದ, ನನ್ನ ಮುಖ ನೋಡಿಯೇ. "ಎಡಗಡೆ ಕೂತ ಹೇಳಿದ್ರ ಗ್ವಾಡಿಗಿ ಹೇಳಿದಂಗ."

ಎದ್ದು ಬಲಗಡೆ ಬಂದೆ. ಮಾತನ್ನು ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ ಹೇಳಿ ಮುಗಿಸಬೇಕು ಅಂತ ಮನಸ್ಸಿನಲ್ಲಿತ್ತು. ಅವನ ಕಿವಿಯ ಹತ್ತಿರ ಬಗ್ಗಿದೆ. ಬಗ್ಗಿದ್ದೇ ತಡ, ತಮ್ಮನ ಕೈ ಸರ್ರನೆ ಎದ್ದು ಬಲಗಿವಿಯನ್ನು ಮುಚ್ಚಿತು. ಅವನು ಬೇಕಂತ ಮಾಡಿದ್ದಲ್ಲ. ಅವನ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ನನ್ನ ಬಲಗೈಯ ಮೇಲಿತ್ತು.

ಯಪ್ಪಾ ದೇವರೇ. ಅಲ್ಲಿಯೇ ನೆಲ ಬಿರಿದು ನುಂಗಬಾರದಿತ್ತೇ ಅನ್ನಿಸಿತು.

ನಾನು ಹಿಂದೆ ಸರಿದೆ. ಇನ್ನೂ ಸರಿದೆ. ಹೊಸ್ತಿಲು ದಾಟಿ ಕಟ್ಟೆಯ ಮೇಲೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದೆ, "ತಮ್ಮಾ, ತಪ್ಪು ನಂದು."

"ಕೇಳಸವಲ್ದು ಅಣ್ಣಾ" ಅಂದ. ಕಿವಿ ಮುಚ್ಚಿಕೊಂಡೇ ಇದ್ದ.

"ತಪ್ಪು ನಂದಂದೆ!"

"ಜೋರಾಗಿ ಹೇಳು."

ಸಿಟ್ಟು ಬಂತು ನೋಡಿ, ಆಗಲೂ ಬಂತು. ಬೆನ್ನ ಹಿಂದೆ ಮುಷ್ಟಿ ಬಿಗಿಯಾಯಿತು. ಎದುರು ಮನೆಯ ಹೆಣ್ಣುಮಗಳು ಅಂಗಳ ಗುಡಿಸುವುದು ನಿಲ್ಲಿಸಿ ನೋಡುತ್ತಿದ್ದಳು. ಪಕ್ಕದ ಮನೆಯ ಗಡ್ಡದ ಚಾಚಾ ಬಾಗಿಲಿಗೆ ಬಂದಿದ್ದ. ಅವರೆಲ್ಲರಿಗೂ ಕೆರೆ ನೀರಿನ ಕಥೆ ಹೇಳಿದವನು ನಾನೇ. ಶೆಡ್ಡಿನಲ್ಲಿ ಗ್ರೈಂಡರಿನ ಸದ್ದಿನ ಮೇಲೆ ಕೂಗುವ ದನಿಯಲ್ಲಿ ಕೂಗಿದೆ.

"ಕೆರಿ ನೀರ ಅಲ್ಲಾ! ನಾ ಹೊಡದೇನಿ! ಜಂಗ ನಂದು, ತಪ್ಪು ನಂದು, ನಿನ್ನ ಕಿವಿ ಒಡದಾಂವ ನಾನ!"

ಚಾಚಾ ನೆಲ ನೋಡಿದ.

"ಈಗ ಕೇಳಿಸ್ತು" ಅಂದ ತಮ್ಮ. "ಒಳಗ ಬಾ, ಚಾ ಕುಡಿ."

ನಾನು ಒಳಗೆ ಬಂದು ಅವನಿಂದ ದೂರ, ಬಾಗಿಲ ಹತ್ತಿರದ ನೆಲಕ್ಕೆ ಕೂತೆ. ಅವನ ಹೆಂಡತಿ ಚಹಾ ತಂದಿಟ್ಟಳು. ತಮ್ಮ ತನ್ನ ಬಟ್ಟಲನ್ನು ಎಡಗೈಯಲ್ಲಿ ಹಿಡಿದು ಕುಡಿದ. ಬಲಗೈಯನ್ನು ಕಿವಿಯಿಂದ ತೆಗೆಯಲಿಲ್ಲ.